ಮೌ ಕಾಪ್ ಬೆಟ್ಟದ ಪಾಳೆಯ

(ಪೆಂತೆಕೋಸ್ತ್ ಹಬ್ಬದಂದು ನೀಡಿದ ಪ್ರಬೋಧನೆ)



ಪವಿತ್ರಾತ್ಮರು ಇಳಿದುಬಂದ ದಿನ ಜೆರುಸಲೇಮಿನಲ್ಲಿದ್ದವರೆಲ್ಲ ಕೈಜೋಡಿಸಿ ನಿಂತರೆಂದು ನಾವು ಎಣಿಸುವುದುಂಟು. ಪ್ರೇಷಿತರ ಕಾರ್ಯಕಲಾಪಗಳನ್ನು ನಿಧಾನವಾಗಿ ಓದಿದರೆ ಹಾಗಿಲ್ಲ. ಕೆಲವರು ಬೆರಗಾದರು. ಕೆಲವರು ಇವರಿಗೆ ಮದ್ಯ ತಲೆಗೇರಿದೆ ಎಂದು ನಕ್ಕರು. ಬೆಳಗ್ಗೆ ಒಂಬತ್ತು ಗಂಟೆಗೆ ಯಾರಾದರೂ ಕುಡಿಯುತ್ತಾರೆಯೇ ಎಂದು ಸಂತ ಪೇತ್ರರು ಎದ್ದುನಿಂತು ಉತ್ತರ ಹೇಳಬೇಕಾಯಿತು! ಧರ್ಮಸಭೆಯ ಮೊಟ್ಟಮೊದಲ ಪ್ರಬೋಧನೆ ಶುರುವಾದದ್ದೇ ಹೀಗೆ, ಒಂದು ಅಪವಾದಕ್ಕೆ ಸಮಜಾಯಿಷಿ ಕೊಡುವುದರಿಂದ.

ಇದಕ್ಕೂ ಹಿಂದಿನದು ಸಂಖ್ಯಾಕಾಂಡದ ಘಟನೆ. ಎಪ್ಪತ್ತು ಮಂದಿ ಹಿರಿಯರನ್ನು ಮೋಶೆ ದೇವದರ್ಶನದ ಗುಡಾರದ ಬಳಿಗೆ ಕರೆದಾಗ ಎಲ್ದಾದ್, ಮೇದಾದ್ ಎಂಬ ಇಬ್ಬರು ಮಾತ್ರ ಪಾಳೆಯದಲ್ಲೇ ಉಳಿದರು. ಆತ್ಮ ಅವರ ಮೇಲೂ ಇಳಿಯಿತು. ಅವರು ಪಾಳೆಯದಲ್ಲೇ ಪ್ರವಾದಿಸತೊಡಗಿದರು. ಒಬ್ಬ ಹುಡುಗ ಓಡಿಬಂದು ದೂರು ಹೇಳಿದ. ಅವರ ಬಾಯಿ ಮುಚ್ಚಿಸಿ ಎಂದು ಯೆಹೋಶುವ ಕೇಳಿಕೊಂಡ. ಮೋಶೆ ಒಪ್ಪಲಿಲ್ಲ. ನನ್ನ ಪರವಾಗಿ ನಿನಗೇಕೆ ಅಸೂಯೆ ಎಂದು ಅವನನ್ನೇ ಪ್ರಶ್ನಿಸಿದರು. ಯೆಹೋಶುವ ಕೆಟ್ಟವನಲ್ಲ, ಬಂಧುಗಳೇ. ಅವನು ಶಿಸ್ತಿನ ಮನುಷ್ಯ, ನಿಷ್ಠಾವಂತ. ಆ ನಿಷ್ಠೆಯಲ್ಲೇ ತೊಡಕಿತ್ತು.

ಈ ಹಬ್ಬದಂದು ಪಾಳೆಯದಲ್ಲಿ ಪ್ರವಾದಿಸಿದ ಇನ್ನೂ ಕೆಲವರ ಚರಿತ್ರೆಯನ್ನು ನಾವು ನೆನೆಯೋಣ. ಅವರು ಕಥೋಲಿಕರಲ್ಲ. ಸ್ವಾಮಿಗಳು ನಮ್ಮ ಸಂತರನ್ನು ಬಿಟ್ಟು ಪ್ರಾಟೆಸ್ಟೆಂಟರ ಕಥೆ ಹೇಳುತ್ತಿದ್ದಾರಲ್ಲ ಎಂದು ಹಿಂದಿನ ಸಾಲಿನಲ್ಲಿ ಯಾರಾದರೂ ಗುಸುಗುಟ್ಟಿದರೆ, ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲಿ ಹೊರಡಿಸಿದ ಐಕ್ಯತೆಯ ಕುರಿತಾದ ಆಜ್ಞಾಪತ್ರವನ್ನು ಅವರಿಗೆ ತೋರಿಸಬೇಕಾಗುತ್ತದೆ. ನಮ್ಮಿಂದ ಬೇರೆಯಾದ ಸಹೋದರರಲ್ಲಿ ಪವಿತ್ರಾತ್ಮರು ಮಾಡಿದ ಕಾರ್ಯ ನಮ್ಮ ವಿಶ್ವಾಸಕ್ಕೂ ಬಲ ಕೊಡಬಲ್ಲದು ಎಂಬ ಅಭಿಪ್ರಾಯ ಅದರಲ್ಲೇ ಇದೆ.

ಮೆಥೊಡಿಸ್ಟರ ಹೆಸರು ನಮಗೆ ಹೊಸದಲ್ಲ. ಹಳೆಯ ಮೈಸೂರು ಸೀಮೆಯಲ್ಲಿ ಶಾಲೆ, ಆಸ್ಪತ್ರೆ, ಮುದ್ರಣಾಲಯಗಳನ್ನು ನಡೆಸಿದ ವೆಸ್ಲಿಯನ್ ಮಿಷನ್ನಿನವರು ಇಂಗ್ಲೆಂಡಿನ ಮೆಥೊಡಿಸ್ಟರು. ಅವರ ಸಭೆಗಳು 1947ರಲ್ಲಿ ದಕ್ಷಿಣ ಭಾರತ ಸಭೆಯೊಳಗೆ, ಅಂದರೆ ನಾವು ಸಿ.ಎಸ್.ಐ. ಎನ್ನುವ ಸಭೆಯೊಳಗೆ ಸೇರಿದವು. ಬೀದರ, ಕಲಬುರ್ಗಿ ಕಡೆಯ ಮೆಥೊಡಿಸ್ಟರ ಮೂಲ ಅಮೆರಿಕದ್ದು. ಆದರೆ ಇವತ್ತಿನ ಕಥೆ ಮೈಸೂರಿಗೆ ಬಂದ ಆ ಗೌರವಸ್ಥ ವೆಸ್ಲಿಯನ್ನರದಲ್ಲ, ಅವರು ತಮ್ಮ ಊರಿನಲ್ಲಿ ಹೊರಗೆ ಹಾಕಿದವರದು.

ಜಾನ್ ವೆಸ್ಲಿಯವರು ಆಂಗ್ಲಿಕನ್ ಸಭೆಯ ಗುರು. 1739ರಲ್ಲಿ ಬ್ರಿಸ್ಟಲ್ ನಗರದ ಹೊರಗೆ ಬಯಲಿನಲ್ಲಿ ನಿಂತು ಬೋಧಿಸತೊಡಗಿದರು. ಗುಡಿಯೊಳಗೆ ಬಾರದ ಗಣಿ ಕೂಲಿಗಳು ಬಯಲಿಗೆ ಬಂದರು. ಆಗ ಅವರನ್ನು ಎಷ್ಟೋ ಮಂದಿ ಆಂಗ್ಲಿಕನ್ ಗುರುಗಳು ಹತ್ತಿರ ಸೇರಿಸಲಿಲ್ಲ. ವೆಸ್ಲಿ 1791ರಲ್ಲಿ ತೀರಿಕೊಂಡರು. ಅವರ ಹಿಂಬಾಲಕರು ಬೇರೆ ಸಭೆಯಾಗಿ ಗಟ್ಟಿಗೊಂಡರು, ಒಳ್ಳೆಯ ಪ್ರಾರ್ಥನಾಲಯಗಳನ್ನು ಕಟ್ಟಿಕೊಂಡರು. ಬಯಲಿನಲ್ಲಿ ಹುಟ್ಟಿದವರಿಗೆ ಇಷ್ಟು ಬೇಗ ಬಯಲಿನ ಭಯ ಹುಟ್ಟೀತೆಂದು ಯಾರು ತಾನೇ ಊಹಿಸಿದ್ದರು?

ಇಂಗ್ಲೆಂಡಿನ ಸ್ಟ್ಯಾಫರ್ಡ್‌ಷೈರ್ ಜಿಲ್ಲೆಯ ಉತ್ತರದಲ್ಲಿ ಮಡಕೆ-ಕುಡಿಕೆಗಳ ಕಾರ್ಖಾನೆಗಳೂ ಕಲ್ಲಿದ್ದಲ ಗಣಿಗಳೂ ಒತ್ತೊತ್ತಾಗಿದ್ದವು. ಅಲ್ಲಿ ಹ್ಯೂ ಬೋರ್ನ್ ಎಂಬ ಬಡಗಿಯಿದ್ದರು, 1772ರಲ್ಲಿ ಹುಟ್ಟಿದವರು. ಬಹಳ ಸಂಕೋಚದ ಮನುಷ್ಯ. ಬೋಧಿಸಲು ನಿಂತರೆ ಕೈಯಿಂದ ಮುಖ ಮರೆಮಾಡಿಕೊಳ್ಳುತ್ತಿದ್ದರಂತೆ. 1799ರಲ್ಲಿ ಅವರಿಗೆ ಮನಪರಿವರ್ತನೆಯಾಯಿತು, ಮೆಥೊಡಿಸ್ಟರಾದರು. ಹ್ಯಾರಿಸೀಹೆಡ್ ಎಂಬ ಗಣಿಹಳ್ಳಿಯಲ್ಲಿ ಮರಗೆಲಸ ಮಾಡುತ್ತಿದ್ದಾಗ ಅಲ್ಲಿನ ಒರಟು ಗಣಿ ಕೆಲಸಗಾರರೊಡನೆ ದೇವರ ವಿಷಯ ಮಾತಾಡತೊಡಗಿದರು. ವೇದಿಕೆಯಲ್ಲಿ ಬಾಯಿ ಬಾರದ ಈ ಬಡಗಿಗೆ ದಾರಿಯಲ್ಲಿ, ಬೇಲಿ ಪಕ್ಕದಲ್ಲಿ, ಒಬ್ಬೊಬ್ಬರೊಡನೆ ಮಾತು ಸಲೀಸು. ಅವರ ಸಂಬಂಧಿ ಡೇನಿಯಲ್ ಷೂಬಾಥಂ ಎಂಬ ಗಣಿಗಾರ ಮೊದಲು ತಿರುಗಿದರು. ಆಮೇಲೆ ಹಳ್ಳಿಯೇ ಬದಲಾಗತೊಡಗಿತು.

ಅಲ್ಲಿನ ವಾರದ ಪ್ರಾರ್ಥನಾ ಕೂಟವನ್ನು ಹೆಚ್ಚು ಎಳೆಯಬಾರದೆಂಬ ನಿಯಮವಿತ್ತು. ಬೆಳಗ್ಗೆ ಗಣಿಗೆ ಇಳಿಯಬೇಕಾದವರಲ್ಲವೇ? ಪ್ರಾರ್ಥನೆಗೆ ಹೊತ್ತು ಸಾಲಲಿಲ್ಲ ಎಂದು ಗಣಿಯವರೇ ತಕರಾರು ತೆಗೆದರು! (ನಮ್ಮ ಧರ್ಮಕೇಂದ್ರದಲ್ಲಿ ಇಂಥ ತಕರಾರು ಈವರೆಗೆ ನಮ್ಮ ಕಿವಿಗೆ ಬಿದ್ದಿಲ್ಲ.) ಹಾಗಾದರೆ ಒಂದು ಭಾನುವಾರ ಮೌ ಬೆಟ್ಟದ ಮೇಲೆ ದಿನಪೂರ್ತಿ ಪ್ರಾರ್ಥಿಸೋಣ, ಆಗಲಾದರೂ ನಿಮಗೆ ತೃಪ್ತಿಯಾದೀತು ಎಂದು ಷೂಬಾಥಂ ಸಮಾಧಾನ ಹೇಳಿದರು. ಅರ್ಧ ತಮಾಷೆಯ ಮಾತು. ಬೋರ್ನ್ ಅದನ್ನು ಮರೆಯಲಿಲ್ಲ.

ಕೆಲವು ವರ್ಷ ಕಳೆದ ಮೇಲೆ ಲೊರೆಂಜೋ ಡೌ ಎಂಬ ವಿಚಿತ್ರ ಸ್ವಭಾವದ ಅಮೆರಿಕನ್ ಬೋಧಕರು ಅತ್ತ ಬಂದರು. ಅಮೆರಿಕದ ಗಡಿನಾಡಿನಲ್ಲಿ ಜನ ಬಂಡಿ ಕಟ್ಟಿಕೊಂಡು ಬಂದು, ಗುಡಾರ ಹಾಕಿ, ದಿನಗಟ್ಟಲೆ ಪ್ರಾರ್ಥಿಸುವ ಪಾಳೆಯ ಕೂಟಗಳ ವಿಷಯ ತಿಳಿಸಿದರು. ಹಳೆಯ ಮಾತಿಗೆ ಕಿಡಿ ಹತ್ತಿತು. 1807ರ ಮೇ 31, ಭಾನುವಾರ. ಮೌ ಕಾಪ್ ಎಂಬುದು ಸ್ಟ್ಯಾಫರ್ಡ್‌ಷೈರ್ ಮತ್ತು ಚೆಷೈರ್ ಜಿಲ್ಲೆಗಳ ಗಡಿಯಲ್ಲಿ ಸುಮಾರು 1,100 ಅಡಿ ಎತ್ತರದ ಕಲ್ಲುಬೆಟ್ಟ. ಬೆಳಗ್ಗೆ ಆರಕ್ಕೇ ಜನ ಸೇರತೊಡಗಿದರು. ಮೊದಲು ಮಳೆ, ಆಮೇಲೆ ಹೊಳವಾಯಿತು. ಕಲ್ಲುಗಳನ್ನು ರಾಶಿ ಹಾಕಿ ಬೋಧಕರಿಗೆ ಕಟ್ಟೆ ಮಾಡಿದರು. ಜನ ಸಾವಿರಗಟ್ಟಲೆ ನೆರೆದಾಗ ಒಂದು ಕಟ್ಟೆ ಸಾಲದೆ ಎರಡಾಯಿತು, ಮೂರಾಯಿತು, ನಾಲ್ಕಾಯಿತು. ಒಂದು ಕಡೆ ಬೋಧನೆ, ಇನ್ನೊಂದು ಕಡೆ ಹಾಡು, ಮತ್ತೊಂದು ಕಡೆ ಮೊಣಕಾಲೂರಿ ಅಳುವವರು. ರಾತ್ರಿ ಎಂಟೂವರೆಗೆ ಕೂಟ ಮುಗಿಯಿತು.

ಇದರಲ್ಲಿ ಯಾರಿಗೆ ಏನು ತೊಂದರೆ? ಆದರೆ ಕಾಲ ಎಂಥದೆಂದು ನೋಡಬೇಕು. ಫ್ರಾನ್ಸಿನ ಕ್ರಾಂತಿಯ ನೆನಪು ಆರಿರಲಿಲ್ಲ, ನೆಪೋಲಿಯನ್ನನೊಡನೆ ಯುದ್ಧ ನಡೆಯುತ್ತಿತ್ತು. ಬಡವರು ಬಯಲಿನಲ್ಲಿ ಗುಂಪುಗೂಡಿದರೆ ಸರ್ಕಾರಕ್ಕೆ ದಿಗಿಲು. ಸಂಚಾರಿ ಬೋಧಕರಿಗೆ ಕಡಿವಾಣ ಹಾಕುವ ಮಸೂದೆಯೊಂದು 1811ರಲ್ಲಿ ಸಂಸತ್ತಿಗೇ ಬಂದು, ವಿರೋಧ ಹೆಚ್ಚಿ ಬಿದ್ದುಹೋಯಿತು. ಇಂಥ ಹೊತ್ತಿನಲ್ಲಿ ವೆಸ್ಲಿಯನ್ ಮುಖಂಡರು ತಮ್ಮ ಸಭೆಯ ಹೆಸರಿಗೆ ಧಕ್ಕೆ ಬಾರದಂತೆ ನೋಡಿಕೊಳ್ಳಲು ಯತ್ನಿಸಿದರು. 1807ರಲ್ಲೇ ಲಿವರ್‌ಪೂಲಿನಲ್ಲಿ ಸೇರಿದ ಅವರ ವಾರ್ಷಿಕ ಸಮ್ಮೇಳನ, ಇಂಥ ಕೂಟಗಳು ಅಮೆರಿಕಕ್ಕೆ ಸರಿಯಿದ್ದರೂ ಇಂಗ್ಲೆಂಡಿಗೆ ತಕ್ಕವಲ್ಲ, ಕೇಡು ತರುವಂಥವು, ನಮಗೂ ಅವಕ್ಕೂ ಸಂಬಂಧವಿಲ್ಲ ಎಂದು ನಿರ್ಣಯಿಸಿತು. ಅವರನ್ನು ದುಷ್ಟರೆಂದು ನಾವು ಕರೆಯಲಾರೆವು. ಸಭೆಯನ್ನು ಕಾಪಾಡುವ ಹೊಣೆ ಹೊತ್ತವರಿಗೆ ಭಯ ಸಹಜ. ಆದರೂ ವೆಸ್ಲಿಯವರು ತೀರಿಕೊಂಡು ಆಗಿನ್ನೂ ಹದಿನಾರೇ ವರ್ಷ ಕಳೆದಿದ್ದವು.

ಬೋರ್ನ್ ಕೂಟಗಳನ್ನು ನಿಲ್ಲಿಸಲಿಲ್ಲ. 1808ರ ಜೂನ್ 27ರಂದು ಬರ್ಸ್ಲೆಮ್ ಪಟ್ಟಣದ ವೆಸ್ಲಿಯನ್ ಸಭೆ ಅವರ ಹೆಸರನ್ನು ಹೊಡೆದುಹಾಕಿತು. ಆಗಲೂ ಅವರಿಗೆ ಹೊಸ ಸಭೆ ಕಟ್ಟುವ ಮನಸ್ಸಿರಲಿಲ್ಲ. ತಮ್ಮ ಬೋಧನೆಯಿಂದ ಬಂದವರನ್ನು ವೆಸ್ಲಿಯನ್ನರ ಕೈಗೇ ಒಪ್ಪಿಸುತ್ತಿದ್ದರು. 1810ರಲ್ಲಿ ಸ್ಟ್ಯಾನ್ಲಿ ಎಂಬ ಹಳ್ಳಿಯಲ್ಲಿ ಹತ್ತು ಜನರ ಒಂದು ಕಿರುಕೂಟ ಹುಟ್ಟಿತು. ನಮ್ಮ ಕಿರು ಕ್ರೈಸ್ತ ಸಮುದಾಯದಂಥ ಗುಂಪೆಂದುಕೊಳ್ಳಿ. ಅದನ್ನೂ ಒಪ್ಪಿಸಹೊರಟಾಗ, ಸೇರಿಸಿಕೊಳ್ಳುತ್ತೇವೆ, ಆದರೆ ಪಾಳೆಯ ಕೂಟದವರ ನಂಟು ಬಿಡಬೇಕು ಎಂಬ ಷರತ್ತು ಬಂತು. ಹೆತ್ತವರು ಬಾಗಿಲಾಚೆ ನಿಂತು ಮಕ್ಕಳು ಮಾತ್ರ ಒಳಗೆ ಹೋಗುವುದೆಂತು? ಆ ಹತ್ತು ಜನ ಹೊರಗೇ ಉಳಿದರು. ಒಂದು ದೊಡ್ಡ ಸಭೆ ಹುಟ್ಟಿದ್ದು ಹೀಗೆ, ಯಾರೂ ಬಯಸದೆ.

ಅದೇ ವರ್ಷ ವಿಲಿಯಂ ಕ್ಲೌಸ್ ಅವರನ್ನೂ ಹೊರಹಾಕಿದರು. ಇವರು ಬರ್ಸ್ಲೆಮಿನ ಕುಂಬಾರರು. ಹಿಂದೊಮ್ಮೆ ಕುಡಿತಕ್ಕೂ ಕುಣಿತಕ್ಕೂ ಹೆಸರಾದವರು, 1805ರಲ್ಲಿ ಮನಸ್ಸು ತಿರುಗಿ ದೊಡ್ಡ ಬೋಧಕರಾದರು. ಅವರ ಸ್ನೇಹಿತರಿಬ್ಬರು ತಮ್ಮ ಸಂಪಾದನೆಯಿಂದ ವಾರಕ್ಕೆ 10 ಶಿಲಿಂಗ್ ಕೊಟ್ಟು ಅವರನ್ನು ಬೋಧನೆಗೆ ಕಳುಹಿಸಿದರು. ಕುಂಬಾರಿಕೆಯಲ್ಲಿ ಅದಕ್ಕಿಂತ ಹೆಚ್ಚು ಬರುತ್ತಿತ್ತು, ಕ್ಲೌಸ್ ಒಪ್ಪಿಕೊಂಡರು. ಟನ್‌ಸ್ಟಾಲ್ ಎಂಬಲ್ಲಿ ಒಂದು ಮನೆಯ ಅಡುಗೆಮನೆಯೇ ಅವರ ಗುಂಪಿಗೆ ಆಲಯವಾಗಿತ್ತು. ಬಡಗಿಯ ಗುಂಪೂ ಕುಂಬಾರರ ಗುಂಪೂ 1811ರಲ್ಲಿ ಒಂದಾದವು. 1812ರ ಫೆಬ್ರವರಿಯಲ್ಲಿ ಪ್ರಿಮಿಟಿವ್ ಮೆಥೊಡಿಸ್ಟರು ಎಂಬ ಹೆಸರಿಟ್ಟುಕೊಂಡರು. ಮೊದಲಿನ ರೀತಿಯವರು, ಅಂದರೆ ವೆಸ್ಲಿಯ ಹಳೆಯ ದಾರಿ ಹಿಡಿದವರು ಎಂದರ್ಥ. ಬೀದಿಯಲ್ಲಿ ಹಾಡುತ್ತಾ ಹೋಗುವ ಇವರಿಗೆ ಊರವರು ಇಟ್ಟ ಹೆಸರು ಮಾತ್ರ ಬೇರೆ: ರ‍್ಯಾಂಟರ್ಸ್, ಅರಚುವವರು. ಕುಡಿದಿದ್ದಾರೆ ಎಂದು ಜೆರುಸಲೇಮಿನವರು ನಕ್ಕಂತೆಯೇ.

ಸಭೆ ಹಬ್ಬಿದ ಪರಿ ಆಶ್ಚರ್ಯದ್ದು. 1820ರಲ್ಲಿ ಹಲ್ ಪಟ್ಟಣದಲ್ಲಿ ಮೊದಲ ವಾರ್ಷಿಕ ಸಮ್ಮೇಳನ ನಡೆದಾಗ ಸದಸ್ಯರು ಎಂಟು ಸಾವಿರದಷ್ಟಿದ್ದರು. 1852ರಲ್ಲಿ ಬೋರ್ನ್ ಕಣ್ಣುಮುಚ್ಚುವ ಹೊತ್ತಿಗೆ ಒಂದು ಲಕ್ಷ ದಾಟಿದ್ದರು. ಆ ಸಮ್ಮೇಳನದಲ್ಲಿ ಪ್ರತಿಯೊಬ್ಬ ಸಂಚಾರಿ ಬೋಧಕರಿಗೆ ಇಬ್ಬರು ಶ್ರೀಸಾಮಾನ್ಯರು ಕೂರಬೇಕೆಂಬುದು ನಿಯಮ. ಪಾಲನಾ ಪರಿಷತ್ತಿನಲ್ಲಿ ಗುರುಗಳದೇ ಮಾತು ನಡೆಯುತ್ತದೆಂದು ಗೊಣಗುವವರು ಇದನ್ನು ಕೇಳಿ ಹಿಗ್ಗಬಹುದು.

ವೆಸ್ಲಿಯನ್ನರು 1803ರಲ್ಲಿ ಹೆಂಗಸರ ಬೋಧನೆಗೆ ಬಿಗಿ ಕಟ್ಟಳೆ ಹಾಕಿದ್ದರು. ಹ್ಯೂ ಬೋರ್ನ್ 1808ರಲ್ಲಿ ಹೆಂಗಸರ ಸೇವೆಯನ್ನು ಸಮರ್ಥಿಸಿ ಕಿರುಹೊತ್ತಗೆ ಬರೆದರು. ಸಾರಾ ಕರ್ಕ್‌ಲ್ಯಾಂಡ್ ಎಂಬ ಇಪ್ಪತ್ತರ ಹರೆಯದ ಯುವತಿ ಇವರ ಮೊದಲ ಸಂಚಾರಿ ಬೋಧಕಿಯಾದರು. ಊರೂರು ಕಾಲ್ನಡಿಗೆಯಲ್ಲಿ ಸುತ್ತುವ ಕೆಲಸ ಅದು. ಬೋಧಕರ ಮೇಲೆ ಕಲ್ಲು, ಕೊಳೆತ ಮೊಟ್ಟೆ ಬೀಳುತ್ತಿದ್ದವು. ಬರ್ಕ್‌ಷೈರ್ ಜಿಲ್ಲೆಯಲ್ಲಿ 1830ರ ಚಳಿಗಾಲದಲ್ಲಿ ಜಾನ್ ರೈಡ್, ಥಾಮಸ್ ರಸೆಲ್ ಎಂಬಿಬ್ಬರು ಎಲ್ಲೂ ಜಾಗ ಸಿಗದೆ ಹಿಮದಲ್ಲೇ ಮೊಣಕಾಲೂರಿ ಗಂಟೆಗಟ್ಟಲೆ ಪ್ರಾರ್ಥಿಸಿದರು. ಅದೇ ವರ್ಷ ರಸೆಲ್ ಅವರನ್ನು ಪರವಾನಗಿ ಇಲ್ಲದೆ ಪುಸ್ತಕ ಮಾರಿದರೆಂದು ಸೆರೆಮನೆಗೆ ತಳ್ಳಿದರು.

ಇನ್ನು ಗಣಿಗಳಿಗೆ ಬರೋಣ, ನಮ್ಮ ಮನಸ್ಸು ಹೆಚ್ಚು ನಿಲ್ಲುವುದು ಅಲ್ಲೇ. ಓದು ಬಾರದ ಕೂಲಿಯವ ಇವರ ಭಾನುವಾರದ ಶಾಲೆಯಲ್ಲಿ ಅಕ್ಷರ ಕಲಿತ, ಕಿರುಕೂಟದಲ್ಲಿ ನಾಲ್ಕು ಜನರೆದುರು ಮಾತಾಡಲು ಕಲಿತ, ಲೆಕ್ಕ ಬರೆಯಲು ಕಲಿತ. ಪ್ರಾರ್ಥನೆಗೆಂದು ಕಲಿತ ಈ ವಿದ್ಯೆ ಬೇರೆ ಕಡೆಯೂ ಕೆಲಸಕ್ಕೆ ಬಂತು. ಡರ್ಹಮ್ ಸೀಮೆಯ ಟಾಮಿ ಹೆಪ್‌ಬರ್ನ್ ಎಂಟನೇ ವಯಸ್ಸಿಗೇ ಗಣಿಗೆ ಇಳಿದವರು, ಪ್ರಿಮಿಟಿವ್ ಮೆಥೊಡಿಸ್ಟ್ ಬೋಧಕರು. 1831ರಲ್ಲಿ ಅವರು ಕಟ್ಟಿದ ಸಂಘ ಮುಷ್ಕರ ಹೂಡಿ, ಗಣಿಯೊಳಗಿನ ಹುಡುಗರ ದುಡಿಮೆಯನ್ನು ದಿನಕ್ಕೆ ಹನ್ನೆರಡು ಗಂಟೆಗೆ ಇಳಿಸಿತು. ಹನ್ನೆರಡು ಗಂಟೆ ಎಂದರೆ ಅದು ಗೆಲುವು! ಅದಕ್ಕೆ ಮುಂಚೆ ಎಷ್ಟಿದ್ದಿರಬೇಕು, ತಾಯಂದಿರೇ ಯೋಚಿಸಿ. ಹಿಂಸೆ ಬೇಡ, ಕಾನೂನು ಮೀರಬೇಡಿ ಎಂದು ಹೆಪ್‌ಬರ್ನ್ ಪದೇಪದೇ ಹೇಳುತ್ತಿದ್ದರು. ಆದರೂ 1832ರಲ್ಲಿ ಮಾಲೀಕರು ಸಂಘವನ್ನು ಮುರಿದರು. ಯಾವ ಗಣಿಯಲ್ಲೂ ಅವರಿಗೆ ಕೆಲಸ ಸಿಗಲಿಲ್ಲ. ಹಳ್ಳಿ ಹಳ್ಳಿ ಸುತ್ತಿ ಚಹಾ ಮಾರಿದರು. ಅವರಿಂದ ಕೊಂಡರೆ ತಮ್ಮ ಕೆಲಸವೂ ಹೋದೀತೆಂದು ಹಳೆಯ ಜೊತೆಗಾರರೂ ಹೆದರಿದರು. ಕೊನೆಗೆ ಹೊಟ್ಟೆಪಾಡಿಗೆ ಸೋತು, ಇನ್ನು ಸಂಘದ ಸುದ್ದಿಗೆ ಹೋಗುವುದಿಲ್ಲವೆಂದು ಮಾತು ಕೊಟ್ಟು ಮತ್ತೆ ಗಣಿಗೆ ಇಳಿದರು. ಕೊಟ್ಟ ಮಾತನ್ನು ಉಳಿಸಿಕೊಂಡರು.

ನಲವತ್ತು ವರ್ಷಗಳ ಬಳಿಕ ಹೊಲದ ಕೂಲಿಗಳ ಸರದಿ. ವಾರಿಕ್‌ಷೈರ್ ಜಿಲ್ಲೆಯ ಬಾರ್ಫರ್ಡ್ ಹಳ್ಳಿಯ ಜೋಸೆಫ್ ಆರ್ಚ್ ಬೇಲಿ ಕತ್ತರಿಸುವುದರಲ್ಲಿ ನಿಪುಣರು, ಇವರೂ ಪ್ರಿಮಿಟಿವ್ ಮೆಥೊಡಿಸ್ಟ್ ಬೋಧಕರು. ಏಳು ವರ್ಷದ ಬಾಲಕನಾಗಿದ್ದಾಗ ಕಂಡದ್ದೊಂದನ್ನು ಅವರು ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಆಗ ಅವರ ತಂದೆ ಊರಿನ ಆಂಗ್ಲಿಕನ್ ದೇವಾಲಯಕ್ಕೆ ಹೋಗುತ್ತಿದ್ದರು. ಒಳಗೆ ಪ್ರಭುಭೋಜನ ನಡೆಯುವಾಗ ಬಾಲಕ ಬಾಗಿಲಿನ ಬೀಗದ ಕಿಂಡಿಯಿಂದ ಇಣುಕಿ ನೋಡಿದ. ಮೊದಲು ಜಮೀನ್ದಾರರು ಪ್ರಸಾದ ಸ್ವೀಕರಿಸಿದರು. ಆಮೇಲೆ ರೈತ ಸಾಹುಕಾರರು, ಆಮೇಲೆ ಅಂಗಡಿಯವರು, ಕಸುಬಿನವರು. ಎಲ್ಲರದೂ ಮುಗಿದ ಮೇಲೆ, ಒಬ್ಬರೂ ಹತ್ತಿರ ನಿಲ್ಲದಿರುವಾಗ, ಕೂಲಿಯವರು. ಆ ಸಾಲಿನಲ್ಲಿ ಅವನ ಅಪ್ಪನಿದ್ದರು. ಆ ಬಾಲಕ ಆ ದೇವಾಲಯದಲ್ಲಿ ಎಂದೂ ಪ್ರಸಾದ ಸ್ವೀಕರಿಸಬಾರದೆಂದು ಅಲ್ಲೇ ನಿಶ್ಚಯಿಸಿಕೊಂಡ. ಬಲಿಪೂಜೆಯ ಸಾಲಿನ ವಿಷಯದಲ್ಲಿ ನಮ್ಮ ನಾಡಿನ ಚರಿತ್ರೆಯೂ ನಿಷ್ಕಳಂಕವಲ್ಲ. ಜಾತಿಗೊಂದು ಬದಿ, ಜಾತಿಗೊಂದು ಸ್ಮಶಾನ ಎಂಬ ಮಾತನ್ನು ನಮ್ಮ ಹಿರಿಯರ ಬಾಯಲ್ಲಿ ನಾವು ಕೇಳಿದ್ದೇವೆ.

1872ರ ಫೆಬ್ರವರಿ 7ರ ಸಂಜೆ ವೆಲ್ಸ್‌ಬೋರ್ನ್ ಎಂಬ ಹಳ್ಳಿಯ ಮರದ ಕೆಳಗೆ, ಒಂದು ಮಣೆಯ ಮೇಲೆ ನಿಂತು ಆರ್ಚ್ ಮಾತಾಡಿದರು. ಹತ್ತಿಪ್ಪತ್ತು ಜನ ಬಂದಾರೆಂದು ಬಗೆದರೆ ಕತ್ತಲಲ್ಲಿ ಲಾಂದ್ರ ಹಿಡಿದು ನೂರಾರು ಕೂಲಿಗಳು ಬಂದು ನಿಂತಿದ್ದರು. ಅಲ್ಲಿಂದ ಹೊಲಗೂಲಿಗಳ ರಾಷ್ಟ್ರೀಯ ಸಂಘ ಹುಟ್ಟಿತು. ಅದೇ ಡಿಸೆಂಬರಿನಲ್ಲಿ ಲಂಡನ್ನಿನ ಎಕ್ಸಿಟರ್ ಹಾಲ್‌ನಲ್ಲಿ ಕೂಲಿಗಳ ಪರವಾಗಿ ಒಂದು ಸಭೆ. ಎಕ್ಸಿಟರ್ ಹಾಲ್ ಎಂದರೆ ಕಥೋಲಿಕರ ವಿರುದ್ಧ ಗುಡುಗುವ ಭಾಷಣಗಳಿಗೆ ಹೆಸರಾದ ಜಾಗ. ಅಂದು ಅಲ್ಲಿ ಎದ್ದುನಿಂತು ಮಾತಾಡಿದವರಲ್ಲಿ ವೆಸ್ಟ್‌ಮಿನ್‌ಸ್ಟರಿನ ಕಥೋಲಿಕ ಮಹಾಧರ್ಮಾಧ್ಯಕ್ಷರಾದ ಹೆನ್ರಿ ಎಡ್ವರ್ಡ್ ಮ್ಯಾನಿಂಗ್ ಒಬ್ಬರು! ಮುಂದೆ 1889ರ ಲಂಡನ್ ಬಂದರು ಕಾರ್ಮಿಕರ ಮುಷ್ಕರದಲ್ಲಿ ಸಂಧಾನ ಮಾಡಿದ ಕಾರ್ಡಿನಲ್ ಇವರೇ. ಹದಿಮೂರನೆಯ ಲಿಯೋ ಜಗದ್ಗುರುಗಳು ಕಾರ್ಮಿಕರ ಹಕ್ಕುಗಳ ಕುರಿತು ವಿಶ್ವಪತ್ರ ಬರೆದದ್ದು 1891ರಲ್ಲಿ. ಅದಕ್ಕೆ ಹತ್ತೊಂಬತ್ತು ವರ್ಷ ಮೊದಲೇ ಬೇಲಿ ಕತ್ತರಿಸುವ ಒಬ್ಬ ಬೋಧಕನ ಕೂಗಿಗೆ ನಮ್ಮವರೊಬ್ಬರು ದನಿಗೂಡಿಸಿದ್ದರು. ಇವನು ಯಾವ ಸಭೆಯವನೆಂದು ಅವರು ಮೊದಲು ಕೇಳಲಿಲ್ಲ. ಆರ್ಚ್ 1885ರಲ್ಲಿ ಸಂಸತ್ತಿಗೂ ಆರಿಸಿಬಂದರು.

ಹಾಗೆಂದು ಹೊರಹಾಕಿಸಿಕೊಂಡವರೆಲ್ಲ ದೇವದೂತರಾಗಿಯೇ ಉಳಿದರೆನ್ನುವಂತಿಲ್ಲ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. 1820ರ ದಶಕದ ನಡುವಿನಲ್ಲಿ ಸಭೆ ಸಾಲದಲ್ಲಿ ಸಿಕ್ಕಿ ಅಸ್ತವ್ಯಸ್ತವಾದಾಗ ಬೋರ್ನ್ ಅವರೇ ಶಿಸ್ತಿನ ಕೋಲು ಹಿಡಿದರು, ಹಲವು ಬೋಧಕರು ಹೊರನಡೆಯಬೇಕಾಯಿತು. ಬೋರ್ನ್ ಮೃದು ಮಾತಿನವರೂ ಆಗಿರಲಿಲ್ಲ, ಕ್ಲೌಸ್ ಅವರೊಡನೆಯೂ ಅವರಿಗೆ ಸರಿಬರುತ್ತಿರಲಿಲ್ಲ. ಹೆಣ್ಣುಮಕ್ಕಳಿಗೆ ತೆರೆದ ಬಾಗಿಲೂ ಮೆಲ್ಲಗೆ ಮುಚ್ಚಿಕೊಂಡಿತು. ಆ ಮೊದಲ ತಲೆಮಾರುಗಳ ಕೊನೆಯ ಸಂಚಾರಿ ಬೋಧಕಿ ಎಲಿಜಬೆತ್ ಬಲ್ಟಿಟ್ಯೂಡ್ 1862ರಲ್ಲಿ ನಿವೃತ್ತರಾದರು, ಅವರ ಜಾಗಕ್ಕೆ ಇನ್ನೊಬ್ಬರನ್ನು ತರಲಿಲ್ಲ. ಹಣವೂ ಬಂತು, ಮರ್ಯಾದೆಯೂ ಬಂತು. ಜಾಮ್ ತಯಾರಿಕೆಯಿಂದ ಶ್ರೀಮಂತರಾದ ವಿಲಿಯಂ ಹಾರ್ಟ್ಲಿ ಲಾಭವನ್ನು ಕೆಲಸಗಾರರೊಡನೆ ಹಂಚಿಕೊಂಡ ಉದಾರಿ, ಅವರ ಹಣದಿಂದ ಮ್ಯಾಂಚೆಸ್ಟರಿನಲ್ಲಿ ಬೋಧಕರ ವಿದ್ಯಾಲಯ ಬೆಳೆಯಿತು. ಇದೆಲ್ಲ ಒಳ್ಳೆಯದೇ. ಆದರೆ ಅಡುಗೆಮನೆಯಲ್ಲಿ ಸೇರುತ್ತಿದ್ದ ಸಭೆ ಕಮಾನು ಕಿಟಕಿಗಳ ಆಲಯಕ್ಕೆ ಬಂದಾಗ, ಹರಕು ಅಂಗಿಯವನು ಹೊಸಿಲ ಬಳಿ ಸ್ವಲ್ಪ ಹಿಂಜರಿಯುತ್ತಾನೆ.

1932ರ ಸೆಪ್ಟೆಂಬರ್ 20ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ವೆಸ್ಲಿಯನ್ನರು, ಪ್ರಿಮಿಟಿವ್ ಮೆಥೊಡಿಸ್ಟರು, ಯುನೈಟೆಡ್ ಮೆಥೊಡಿಸ್ಟರು ಸೇರಿ ಮತ್ತೆ ಒಂದೇ ಸಭೆಯಾದರು. ಆಗ ಪ್ರಿಮಿಟಿವ್ ಮೆಥೊಡಿಸ್ಟರ ಸದಸ್ಯರೇ ಎರಡು ಲಕ್ಷಕ್ಕಿಂತ ಹೆಚ್ಚಿದ್ದರು. ಸ್ಟ್ಯಾನ್ಲಿಯ ಹತ್ತು ಜನರಿಗೆ ಷರತ್ತು ಹಾಕಿ 122 ವರ್ಷಗಳಾಗಿದ್ದವು. ದಾಖಲೆಗೆ ಸಹಿ ಬಿತ್ತು, ಹಾಡಿದರು, ಕೈಕುಲುಕಿದರು. ಆದರೆ ಎಷ್ಟೋ ಹಳ್ಳಿಗಳಲ್ಲಿ ಒಂದೇ ಬೀದಿಯ ಎರಡು ಮೆಥೊಡಿಸ್ಟ್ ಆಲಯಗಳು ಆಮೇಲೂ ದಶಕಗಳ ಕಾಲ ಬೇರೆ ಬೇರೆಯಾಗಿಯೇ ನಡೆದವು. ಅಜ್ಜ ಕೂತ ಬೆಂಚನ್ನು ಬಿಟ್ಟು ಎದುರಿನ ಆಲಯಕ್ಕೆ ಹೋಗಿ ಕೂರಲು ಜನರಿಗೆ ಮನಸ್ಸು ಬರಲಿಲ್ಲ. ಇನ್ನು ನಮಗೂ ಅವರಿಗೂ ನಡುವಿನ ದೂರ ಅದಕ್ಕಿಂತ ಹಳೆಯದು, ಹೆಚ್ಚಿನದು. 2006ರಲ್ಲಿ ಸಿಯೋಲ್ ನಗರದಲ್ಲಿ ವಿಶ್ವ ಮೆಥೊಡಿಸ್ಟ್ ಪರಿಷತ್ತು, ಕಥೋಲಿಕರೂ ಲೂಥರನ್ನರೂ 1999ರಲ್ಲಿ ಮಾಡಿಕೊಂಡಿದ್ದ ಒಪ್ಪಂದಕ್ಕೆ ತಾನೂ ಒಪ್ಪಿಗೆ ಕೊಟ್ಟಿತು. ಮನುಷ್ಯ ನೀತಿವಂತನೆನಿಸುವುದು ದೇವರ ಕೃಪೆಯಿಂದಲೇ ಎಂಬ ವಿಷಯದಲ್ಲಿ ನಾವು ಈಗ ಜಗಳವಾಡುತ್ತಿಲ್ಲ. ಪ್ರಭುಭೋಜನದ ಮೇಜು ಮಾತ್ರ ಇನ್ನೂ ಬೇರೆ ಬೇರೆ.

ಹ್ಯೂ ಬೋರ್ನ್ ಅವರ ಸಮಾಧಿ ಚೆಷೈರ್ ಜಿಲ್ಲೆಯ ಎಂಗಲ್‌ಸೀ ಬ್ರೂಕ್ ಎಂಬ ಹಳ್ಳಿಯಲ್ಲಿದೆ. 1828ರಲ್ಲಿ ಕಟ್ಟಿದ ಪುಟ್ಟ ಇಟ್ಟಿಗೆಯ ಪ್ರಾರ್ಥನಾಲಯ, ಪಕ್ಕದಲ್ಲಿ ಸಮಾಧಿಗಳು. ಆ ಆಲಯ ಈಗ ಈ ಚರಿತ್ರೆಯ ವಸ್ತುಸಂಗ್ರಹಾಲಯವೂ ಹೌದು.

ಇಂದು ಸಂಜೆ ಆರು ಗಂಟೆಗೆ ನೆರೆಯ ಸಿ.ಎಸ್.ಐ. ಸಭೆಯ ಕುಟುಂಬಗಳು ನಮ್ಮೊಡನೆ ಹಬ್ಬದ ಪ್ರಾರ್ಥನೆಗೆ ಬರುತ್ತಿದ್ದಾರೆ. ಮಳೆ ಬಾರದಿದ್ದರೆ ಶಾಲೆಯ ಮೈದಾನದಲ್ಲೇ ಸೇರುವುದೆಂದು ನಿಶ್ಚಯಿಸಿದ್ದೇವೆ. ಬೆಂಚುಗಳನ್ನು ಹೊರಗೆ ಸಾಗಿಸಲು ಯುವಕರು ಐದಕ್ಕೇ ಬರಬೇಕು. ಮುಂದಿನ ಸಾಲುಗಳನ್ನು ಬಂದವರಿಗೆ ಬಿಡೋಣ. ಹಾಡುಗಳನ್ನು ಅವರೇ ಆರಿಸಿಕೊಂಡಿದ್ದಾರೆ.